‘ಅಲ್ಲಿ ಏನೂ ಇಲ್ಲ’ ಎನ್ನುವವರಿಗೆ

ಈಚೆಗೆ ನಮ್ಮ ಬಡಾವಣೆಯ ಸಂಘದಲ್ಲಿ ಒಂದು ಚಿತ್ರಪ್ರದರ್ಶನ ನಡೆಯಿತು. ಲಡಾಖ್ ಯಾತ್ರೆ ಮುಗಿಸಿ ಬಂದ ಮಹನೀಯರೊಬ್ಬರು ತಾವು ತೆಗೆದ ಚಿತ್ರಗಳನ್ನು ಗೋಡೆಯ ಮೇಲೆ ಬೀಳಿಸಿ ಒಂದೊಂದಕ್ಕೂ ವಿವರಣೆ ಕೊಡುತ್ತಿದ್ದರು. ಪಾಂಗೊಂಗ್ ಸರೋವರ ಬಂತು, ಚಪ್ಪಾಳೆ. ಖಾರ್ದುಂಗ್ ಕಣಿವೆದಾರಿಯ ಫಲಕಕ್ಕೆ ಒರಗಿ ನಿಂತ ಅವರ ಕುಟುಂಬ ಬಂತು, ಮತ್ತೆ ಚಪ್ಪಾಳೆ. ಆಮೇಲೆ ಒಂದು ಬೂದುಬಣ್ಣದ ಕಣಿವೆ, ಅದರ ನಡುವೆ ಅಲ್ಲೊಂದು ಇಲ್ಲೊಂದು ಹಬೆಯ ಎಳೆ. “ಇದು ಪುಗಾ. ಬಿಸಿನೀರಿನ ಬುಗ್ಗೆ ಇದೆ ಅಂತ ಡ್ರೈವರು ಆಸೆ ಹುಟ್ಟಿಸಿದ. ಒಂದು ದಿನ ಹಾಳು. ಅಲ್ಲಿ ಏನೂ ಇಲ್ಲ” ಎಂದು ಅವರು ಮುಂದಿನ ಚಿತ್ರಕ್ಕೆ ಬೆರಳಿಟ್ಟರು. ಇಟ್ಟವರು ಏನನ್ನೋ ನೆನೆಸಿಕೊಂಡು ತಡೆದು ಹೇಳಿದರು: “ಇದೇ ಬುಗ್ಗೆ ಸ್ವಿಟ್ಜರ್ಲೆಂಡಿನಲ್ಲಿದ್ದಿದ್ದರೆ! ನಮ್ಮಲ್ಲಿ ನೋಡಿ, ಅಷ್ಟೂ ಬಿಸಿನೀರು ಸುಮ್ಮನೆ ಹರಿದು ಪೋಲಾಗುತ್ತಿದೆ.”

ಸಭೆ ತಲೆದೂಗಿತು. ನಾನೂ ಅಲ್ಲಿದ್ದೆ; ಬಾಯಿ ತೆರೆಯಲಿಲ್ಲ. ಆತಿಥ್ಯ ಕೊಟ್ಟವರ ಮನಸ್ಸು ನೋಯಿಸಬಾರದೆಂಬ ದಾಕ್ಷಿಣ್ಯ ಒಂದು ಕಡೆ, ಆಗತಾನೆ ಬಂದ ಕಾಫಿ ಇನ್ನೊಂದು ಕಡೆ. ಅಂದು ನುಂಗಿಕೊಂಡ ಮಾತನ್ನು ಇಂದು ಇಲ್ಲಿ ಕಾರುತ್ತಿದ್ದೇನೆ. ಆ ಮಹನೀಯರು ಈ ಪತ್ರಿಕೆಯನ್ನು ತರಿಸುತ್ತಾರೆಂದು ಬಲ್ಲೆ.

ಅವರ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ಅಲ್ಲಿ ಏನೂ ಇಲ್ಲ. ಆದರೂ ಅದು ಪೋಲಾಗುತ್ತಿದೆ. ಇಲ್ಲದ್ದು ಪೋಲಾಗುವುದು ಹೇಗೆ? ತರ್ಕಶಾಸ್ತ್ರದ ಮೊದಲ ತರಗತಿಯ ಹುಡುಗನೂ ಇದನ್ನು ಕೇಳಿಯಾನು. ಆದರೆ ನಮ್ಮ ಕಾಲದಲ್ಲಿ ಈ ಎರಡು ಮಾತೂ ಅವಳಿ ಮಕ್ಕಳಂತೆ ಕೈಕೈ ಹಿಡಿದೇ ನಡೆಯುತ್ತವೆ. ಯಾವ ನೆಲದ ಮೇಲೆ ನಮ್ಮಂಥವರಿಗೆ ಕಣ್ಣು ಬಿದ್ದಿತೋ ಆ ನೆಲ ಮೊದಲು ‘ಖಾಲಿ’ಯಾಗಬೇಕು, ಖಾಲಿಯೆಂದು ನಿರ್ಧಾರವಾದ ಮೇಲೆ ಅದು ‘ವ್ಯರ್ಥ’ವಾಗಬೇಕು, ವ್ಯರ್ಥವಾದದ್ದನ್ನು ಉಪಯೋಗಕ್ಕೆ ತರುವ ಪುಣ್ಯಕಾರ್ಯಕ್ಕೆ ನಾವು ಸೊಂಟ ಕಟ್ಟಬೇಕು. ಖಾಲಿ ಎಂದವನು ಪ್ರವಾಸಿ, ವ್ಯರ್ಥ ಎಂದವನು ಯೋಜನೆ ಹಾಕುವವನು. ಒಬ್ಬನ ನಿಟ್ಟುಸಿರು ಇನ್ನೊಬ್ಬನ ಕಡತದ ಮೊದಲ ಪುಟ.

ನನ್ನ ಮೇಲೆ ‘ನೋಡದೆ ಮಾತಾಡುವವನು’ ಎಂಬ ಅಪವಾದ ಬರಬಾರದು. 2023ರ ಸೆಪ್ಟೆಂಬರಿನಲ್ಲಿ ನಾನೂ ನನ್ನ ಮನೆಯವರೂ ಪುಗಾಕ್ಕೆ ಹೋಗಿದ್ದೆವು. ಲೇಹ್ ಪಟ್ಟಣದಿಂದ ಉಪ್ಶಿಯವರೆಗೆ ಬಂದು, ಅಲ್ಲಿಂದ ಸಿಂಧೂನದಿಯ ಜೊತೆಯಲ್ಲೇ ಮೇಲಕ್ಕೆ ಹೋಗಬೇಕು. ದಾರಿಯಲ್ಲಿ ಚುಮಾಥಂಗ್, ಅಲ್ಲಿಯೂ ನದಿಯ ದಡದಲ್ಲೇ ಬಿಸಿನೀರು ಒಸರುತ್ತದೆ. ಮಾಹೆಯ ಸೇತುವೆ ದಾಟಿ ಬಲಗೈಯ ಕಣಿವೆಗೆ ತಿರುಗಿದರೆ ಸುಮ್ದೋ. ಅಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಮೊರಿರಿ ಸರೋವರಕ್ಕೆ, ಇನ್ನೊಂದು ಪುಗಾದ ಮೂಲಕ ಪೊಲೊಕೊಂಕಾ ಕಣಿವೆದಾರಿ ಹತ್ತಿ ಕಾರ್ ಸರೋವರಕ್ಕೆ. ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರ. ಲೇಹ್ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರು; ಆಗುಂಬೆಯವರು ಜುಲೈ ತಿಂಗಳ ಒಂದೇ ಬೆಳಗ್ಗೆ ಮುಗಿಸಿಬಿಡುವಷ್ಟು. ಮರವೆಂಬುದಿಲ್ಲ. ನಾಲ್ಕು ಹೆಜ್ಜೆ ಜೋರಾಗಿ ಇಟ್ಟರೆ ಎದೆ ತಿದಿಯಾಗುತ್ತದೆ.

ಕಣಿವೆಯ ಅಡಿಯಲ್ಲಿ ಹಸಿರುಹಳದಿ ಹುಲ್ಲಿನ ಜೌಗು. ಅದರ ನಡುವೆ ಒಂದು ತೊರೆ. ತೊರೆಯ ಎರಡು ಮಗ್ಗುಲಲ್ಲಿ ನೆಲದ ಮೇಲೆ ಬಿಳಿಯ ಹೆಪ್ಪು. ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಇದೇ ಬಿಳಿಗಾರ. ನಗರ್ತಪೇಟೆಯ ಅಕ್ಕಸಾಲಿಗನ ಕುಲುಮೆಯ ಪಕ್ಕದಲ್ಲಿ, ಬೆಸುಗೆ ಹಾಕುವ ಮೊದಲು ಚಿಟಿಕೆ ಹಾಕುವ ಬಿಳಿಯ ಪುಡಿಯನ್ನು ನೀವು ನೋಡಿರಬೇಕಲ್ಲ, ಅದೇ ಪದಾರ್ಥ. ಕುರಿಗಳ ಬೆನ್ನಿನ ಮೇಲೆ ಚಿಕ್ಕ ಚಿಕ್ಕ ಚೀಲಗಳಲ್ಲಿ ಹಿಮಾಲಯದ ಕಣಿವೆಗಳನ್ನು ದಾಟಿ ಬಿಳಿಗಾರ ಬಯಲುಸೀಮೆಗೆ ಇಳಿಯುತ್ತಿದ್ದ ಕಾಲವೊಂದಿತ್ತು. ಪುಗಾದ ಬಿಳಿಗಾರ, ಗಂಧಕಗಳ ಪ್ರಸ್ತಾಪ ಹತ್ತೊಂಬತ್ತನೆಯ ಶತಮಾನದ ಆಂಗ್ಲ ಬರಹಗಾರರ ಗ್ರಂಥಗಳಲ್ಲಿಯೇ ಬರುತ್ತದೆ. ಬಂಡೆಯ ಬಿರುಕುಗಳಲ್ಲಿ ಅರಿಸಿನದಂತೆ ಗಂಧಕ ಕೂತಿದೆ. ಗಾಳಿ ಈ ಕಡೆ ತಿರುಗಿದರೆ ಕೊಳೆತ ಮೊಟ್ಟೆಯ ವಾಸನೆ. ಒಂದು ಕಡೆ ಕೆಸರು ಅಂಬಲಿಯಂತೆ ಕೊತಕೊತ ಕುದಿಯುತ್ತಿರುತ್ತದೆ; ಇನ್ನೊಂದು ಕಡೆ ನೆಲದ ತೂತಿನಿಂದ ನೀರು ಸಿಡಿದು ಏಳುತ್ತಿರುತ್ತದೆ. ಹೀಗೆ ಒಂದಲ್ಲ ಎರಡಲ್ಲ, ನೂರಕ್ಕೂ ಮಿಕ್ಕ ಬಾಯಿಗಳು.

ಕುದಿಯುವ ನೀರು ಎಂದೆನಲ್ಲ, ಅದರಲ್ಲಿಯೂ ಒಂದು ಸ್ವಾರಸ್ಯವಿದೆ. ಆ ಎತ್ತರದಲ್ಲಿ ನೀರು ಕುದಿಯುವುದು ನೂರು ಡಿಗ್ರಿಗಲ್ಲ, ಸುಮಾರು 84-85 ಡಿಗ್ರಿಗೆ. ಆದ್ದರಿಂದ ನಮ್ಮವರು ಸಂಭ್ರಮದಿಂದ ದಾರದಲ್ಲಿ ಕಟ್ಟಿ ಇಳಿಬಿಡುವ ಮೊಟ್ಟೆ ಹೇಗೋ ಬೇಯುತ್ತದೆ. ತೊಗರಿಬೇಳೆ ಇಳಿಬಿಟ್ಟರೆ ಸಂಜೆಯವರೆಗೂ ಬೇಯದು. ಲಡಾಖಿನ ಅಡಿಗೆಮನೆಯಲ್ಲಿ ಪ್ರೆಷರ್ ಕುಕ್ಕರು ಇಷ್ಟದೈವದಂತೆ ಕೂತಿರುವುದು ಇದೇ ಕಾರಣಕ್ಕೆ.

ಈಗ ನನ್ನ ಅಪರಾಧವನ್ನು ಒಪ್ಪಿಕೊಳ್ಳುವ ಸಮಯ. ಎರಡು ದಿನದಿಂದ ಸ್ನಾನವಿರಲಿಲ್ಲ. ನಮ್ಮ ಕಡೆಯವರಿಗೆ ಸ್ನಾನವಿಲ್ಲದ ದಿನ ದಿನವೇ ಅಲ್ಲ. ಬಿಸಿನೀರಿನ ಸಣ್ಣ ಕಾಲುವೆಯೊಂದು ತೊರೆಯ ತಣ್ಣೀರಿಗೆ ಸೇರುವ ಹದವಾದ ಜಾಗವನ್ನು ಹುಡುಕಿ, ಪಂಚೆ ಉಟ್ಟು, ಸಾಬೂನು ಹಿಡಿದು ಇಳಿದೆ. ನನ್ನವಳು ದಡದಿಂದಲೇ “ರೀ, ಇಲ್ಲಿ ಬೇಡಾರೀ, ಯಾರಾದರೂ ನೋಡಿದರೆ ಏನೆಂದಾರು?” ಎಂದಳು. “ಇಲ್ಲಿ ಯಾರಿದ್ದಾರೆ ನೋಡುವುದಕ್ಕೆ?” ಎಂದೆ. ವಾಚಕರು ಗಮನಿಸಬೇಕು: ಚಿತ್ರ ತೋರಿಸಿದ ಮಹನೀಯರ ಮಾತಿಗೂ ನನ್ನ ಈ ಮಾತಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಮೈಗೆ ಸಾಬೂನು ಹಚ್ಚಿ ಮುಗಿಸುವುದರೊಳಗೆ ದಿಬ್ಬದ ಹಿಂದಿನಿಂದ ಮೇಕೆಗಳ ದೊಡ್ಡ ಹಿಂಡೊಂದು ಇಳಿದು ಬಂತು. ಹಿಂದೆ ಒಬ್ಬ ವೃದ್ಧೆ, ಕೈಯಲ್ಲಿ ಕವಣೆ. ನನ್ನನ್ನು ನೋಡಿ ನಿಂತರು. ನಮ್ಮ ಸಾರಥಿಯಾದ ಲಡಾಖಿ ಹುಡುಗ ಜೀಪಿನಿಂದಿಳಿದು “ಜೂಲೆ, ಆಮಾ ಲೇ” ಎಂದ. (‘ಲೇ’ ಎಂಬುದು ನಮ್ಮಲ್ಲಿ ಜಗಳಕ್ಕೆ ಮುನ್ನುಡಿ, ಅವರಲ್ಲಿ ಅದು ಗೌರವದ ಪ್ರತ್ಯಯ. ಭಾಷೆಗಳ ವಿನೋದ!) ಅವರಿಬ್ಬರೂ ಸ್ವಲ್ಪ ಹೊತ್ತು ಮಾತಾಡಿಕೊಂಡರು. ಹುಡುಗ ನನ್ನ ಕಡೆ ತಿರುಗಿ ಸಂಕೋಚದಿಂದ, “ಸಾರ್, ಕೆಳಗಡೆ ಮೇಕೆಗಳು ನೀರು ಕುಡಿಯುತ್ತವಂತೆ” ಎಂದ. ನಾನು, “ಸ್ವಲ್ಪವೇ ಸಾಬೂನು, ಹರಿಯುವ ನೀರು, ಏನಾಗುವುದಿಲ್ಲ” ಎಂದೆ. ಅವನು ಅದನ್ನು ಅನುವಾದಿಸಿದ. ಮುದುಕಿ ಸಿಟ್ಟಾಗಲಿಲ್ಲ. ಒಂದು ಪ್ರಶ್ನೆ ಕೇಳಿದರು: “ನಿಮ್ಮ ಊರಲ್ಲಿ ದನಕರು ಕುಡಿಯುವ ನೀರಿನಲ್ಲಿ ನೊರೆ ಬಿಡುವುದು ವಾಡಿಕೆಯೋ?”

ಬೆಳ್ಳಂದೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಯಲ್ಲಿ ಓಡಾಡುವವರ ಮುಖಕ್ಕೆ ಬಡಿಯುವುದನ್ನು ಕಂಡ ಊರಿನಿಂದ ನಾನು ಹೋಗಿದ್ದೆ. 2017ರಲ್ಲಿ ಆ ಕೆರೆಗೆ ಬೆಂಕಿಯೇ ಹತ್ತಿಕೊಂಡಿತ್ತು. ವಾಡಿಕೆ ಹೌದು ತಾಯಿ, ಎಂದು ಹೇಳುವ ಧೈರ್ಯ ಬರಲಿಲ್ಲ. ಪಂಚೆ ಸುತ್ತಿಕೊಂಡು ಮೇಲೆ ಬಂದೆ. ನೊರೆ ನನ್ನ ಕಣ್ಣೆದುರಿಗೇ ತೊರೆಯಲ್ಲಿ ತೇಲುತ್ತ ಸುಮ್ದೋದ ಕಡೆಗೆ, ಅಲ್ಲಿಂದ ಸಿಂಧೂನದಿಗೆ ಹೊರಟಿತು. ನಿತ್ಯ ‘ಗಂಗೇ ಚ ಯಮುನೇ ಚೈವ’ ಎಂದು ಚೊಂಬಿನ ನೀರಿಗೆ ಸಿಂಧುವನ್ನು ಕರೆಯುವವನು ನಾನು!

ಅಲ್ಲಿ ಏನಿದೆ ಎಂದು ಅಂದಿನಿಂದ ಓದತೊಡಗಿದೆ. ಓದಿದಷ್ಟೂ ‘ಏನೂ ಇಲ್ಲ’ ಎಂಬ ಮಾತಿನ ನಿರ್ಲಜ್ಜತನ ತಿಳಿಯುತ್ತ ಬಂತು.

ಐದು ಕೋಟಿ ವರ್ಷಗಳ ಹಿಂದೆ, ತೆಂಕಣಿಂದ ತೇಲಿಬಂದ ನಮ್ಮ ಭೂಖಂಡ ಏಷ್ಯಾಖಂಡಕ್ಕೆ ಡಿಕ್ಕಿ ಹೊಡೆದು ಬೆಸೆದುಕೊಂಡ ಗೆರೆ ಈ ಸಿಂಧೂಕಣಿವೆಯ ಉದ್ದಕ್ಕೂ ಹಾದಿದೆ. ಪುಗಾ ಇರುವುದು ಆ ಹೊಲಿಗೆಯ ಮಗ್ಗುಲಲ್ಲಿ. ಬೆಟ್ಟದ ಹಿಮ ಕರಗಿದ ನೀರು ಬಿರುಕುಗಳಲ್ಲಿ ಆಳಕ್ಕೆ ಇಳಿದು, ಒಳಗಿನ ಕಾವಿಗೆ ಕಾದು, ನೆಲದ ಸೀಳುಗಳ ಮೂಲಕ ಮತ್ತೆ ಮೇಲೇಳುತ್ತದೆ. ಏಳುವಾಗ ಗಂಧಕ, ಬಿಳಿಗಾರ, ಲಿಥಿಯಂ, ಸೀಸಿಯಂ ಮುಂತಾದವನ್ನು ಹೊತ್ತು ತರುತ್ತದೆ. ಆ ಬಿಸಿಯಲ್ಲಿ, ಆ ಗಂಧಕದಲ್ಲಿ, ಮೇಲಿನಿಂದ ಸುರಿಯುವ ಆ ನಿರ್ದಾಕ್ಷಿಣ್ಯವಾದ ಬಿಸಿಲಿನಲ್ಲಿ ಬದುಕುವ ಸೂಕ್ಷ್ಮಜೀವಿಗಳಿವೆ. ನೀರಿನಂಚಿನಲ್ಲಿ ಹಸಿರು, ಕಿತ್ತಳೆ ಬಣ್ಣದ ಲೋಳೆಯ ಹಾಸಾಗಿ ಕಾಣುವುದು ಅವೇ. ನಮ್ಮ ಮಹನೀಯರು ಅದನ್ನು ‘ಪಾಚಿ, ಗಲೀಜು’ ಎಂದರು. ಮಂಗಳಗ್ರಹದಲ್ಲಿ ಜೀವವಿದ್ದರೆ ಹೇಗಿದ್ದೀತು, ಭೂಮಿಯಲ್ಲಿ ಜೀವ ಮೊದಲು ಹುಟ್ಟಿದಾಗ ಪರಿಸರ ಹೇಗಿದ್ದೀತು ಎಂಬುದನ್ನು ಅರಸುವ ವಿಜ್ಞಾನಿಗಳು ಇದೇ ಗಲೀಜಿನ ಮಾದರಿಗಳನ್ನು ಸೀಸೆಗಳಲ್ಲಿ ತುಂಬಿಕೊಂಡು ಹೋಗುತ್ತಾರೆ. ಜೌಗಿನಲ್ಲಿ ಕಪ್ಪು ಕೊರಳಿನ ಕೊಕ್ಕರೆ ಗೂಡುಕಟ್ಟುತ್ತದೆ. ಅದು ಲಡಾಖಿನ ರಾಜ್ಯಪಕ್ಷಿ.

ಹೋಗಲಿ, ಹಕ್ಕಿ, ಹುಳ, ಬಂಡೆಗಳ ಮಾತು ಬಿಡೋಣ. ಅವು ಮತ ಹಾಕುವುದಿಲ್ಲ. ಮನುಷ್ಯರ ಮಾತಿಗೆ ಬರೋಣ.

ಛಾಂಗ್‌ಥಂಗ್ ಎಂಬ ಆ ಎತ್ತರದ ಮರುಭೂಮಿಯ ಒಡೆಯರು ಛಾಂಗ್‌ಪಾ ಜನ. ಯಾಕ್ ಮೃಗದ ಕೂದಲಿನಿಂದ ನೇಯ್ದ ಕರಿಯ ಡೇರೆಗಳಲ್ಲಿ ಇರುತ್ತ, ಹಿಂಡು ಕಟ್ಟಿಕೊಂಡು ಋತುವಿಗೊಂದು ಹುಲ್ಲುಗಾವಲಿಗೆ ನಡೆಯುವವರು. 1989ರಲ್ಲಿ ಸರ್ಕಾರ ಅವರನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿತು. ಅವರ ಮೇಕೆಯ ಹೊರಗೂದಲಿನ ಅಡಿಯಲ್ಲಿ, ಚಳಿಗಾಲದ ಕಡುಶೀತವನ್ನು ತಡೆಯುವುದಕ್ಕೆಂದು ಹುಟ್ಟುವ ನವಿರಾದ ಒಳರೋಮವೇ ಪಶ್ಮೀನಾ. ಮದುವೆಯ ಬೀಗರಿಗೆ ಹೊದಿಸುವುದಕ್ಕೆಂದು ನಾವು ಸಾವಿರಾರು ರೂಪಾಯಿ ಕೊಟ್ಟು ತರುತ್ತೇವಲ್ಲ, ಆ ಶಾಲಿನ ಮೂಲ. ಚಳಿ ಕಡಿಮೆಯಾದರೆ ರೋಮ ಕಡಿಮೆ. ಚಳಿ ಹೆಚ್ಚಾಗಿ ಹಿಮ ಹುಲ್ಲನ್ನು ಮುಚ್ಚಿದರೆ ಮೇಕೆಯೇ ಇಲ್ಲ. 2013ರ ಆರಂಭದ ಹಿಮಪಾತದಲ್ಲಿ ಆ ಸೀಮೆಯಲ್ಲಿ ಸಾವಿರಾರು ಮೇಕೆಮರಿಗಳು ಸತ್ತವು. ಇಂಥ ಕೂದಲೆಳೆಯ ಬದುಕಿನಲ್ಲಿ, ಸುತ್ತಲಿನ ತೊರೆಗಳೆಲ್ಲ ಹೆಪ್ಪುಗಟ್ಟಿದಾಗಲೂ ಹರಿಯುವ ನೀರಿರುವ, ಕಾವಿಗೆ ಹಿಮ ಬೇಗ ಕರಗುವ ಒಂದು ಕಣಿವೆಯೆಂದರೆ ಏನೆಂಬುದನ್ನು ನಾನು ವಿವರಿಸಬೇಕೇ? ಯಾವ ಗುಂಪು ಯಾವ ಹುಲ್ಲುಗಾವಲಿಗೆ, ಎಷ್ಟು ದಿನ ಹೋಗಬೇಕೆಂದು ಅವರಲ್ಲಿ ಗೋಬಾ ಎಂಬ ಯಜಮಾನನ ನೇತೃತ್ವದಲ್ಲಿ ನಿರ್ಧಾರವಾಗುತ್ತದೆ. ನಮ್ಮ ಗೃಹನಿರ್ಮಾಣ ಸಂಘಗಳ ಬೈಲಾಗಳಿಗಿಂತ ಆ ಕಟ್ಟಳೆ ಹಳೆಯದು. ಪಾಲನೆಯೂ ಮೇಲೆಂದು ಕಾಣುತ್ತದೆ.

ಪುಗಾದಲ್ಲಿ ಈ ಅಲೆಮಾರಿಗಳ ಮಕ್ಕಳಿಗಾಗಿ ಒಂದು ವಸತಿಶಾಲೆಯೂ ಇದೆ. ಡೇರೆ ಕಿತ್ತು ಹೊರಟ ತಂದೆತಾಯಿಗಳು ಮಕ್ಕಳನ್ನು ಅಲ್ಲಿ ಬಿಟ್ಟುಹೋಗುತ್ತಾರೆ. ಮಗ್ಗಿ ಕೇಳಿಸುವ ಕಣಿವೆಯನ್ನು ‘ಏನೂ ಇಲ್ಲ’ ಎನ್ನಬೇಕಾದರೆ ಕಿವಿಗೂ ಕಪ್ಪು ಕನ್ನಡಕ ಹಾಕಿಕೊಂಡಿರಬೇಕು.

ಇನ್ನು ‘ಪೋಲಾಗುತ್ತಿದೆ’ ಎಂಬ ಪಕ್ಷ. ಇದನ್ನು ನಗೆಯಾಡಿ ತಳ್ಳಿಹಾಕಲಾರೆ. ಇದರಲ್ಲಿ ಒಂದಂಶ ನಿಜವಿದೆ. ನೆಲದೊಳಗಿನ ಶಾಖದಿಂದ ವಿದ್ಯುತ್ತು ತೆಗೆಯಬಹುದು. ಐಸ್‌ಲೆಂಡಿನವರು ಅದರಿಂದಲೇ ಮನೆ ಬೆಚ್ಚಗೆ ಮಾಡಿಕೊಂಡಿದ್ದಾರೆ. ಪುಗಾದ ವಿಷಯವೂ ಹೊಸದಲ್ಲ. 1970ರ ದಶಕದಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯವರು ಅಲ್ಲಿ ಮೂವತ್ತಕ್ಕೂ ಹೆಚ್ಚು ಕೊಳವೆಬಾವಿಗಳನ್ನು ಕೊರೆದು ನೋಡಿದರು. ಅತ್ಯಂತ ಆಳವಾದದ್ದು ನಾನೂರು ಮೀಟರಿನೊಳಗೆ. ಆ ಕಾಲದಲ್ಲಿಯೇ ಬುಗ್ಗೆಯ ನೀರಿನಿಂದ ಗುಡಿಸಲೊಂದನ್ನು ಬೆಚ್ಚಗಿಡುವ, ಬಿಳಿಗಾರ ಶುದ್ಧಿಮಾಡುವ ಪ್ರಯೋಗಗಳು ನಡೆದವು. ಅನಂತರ ಕಡತಗಳು ಹೆಪ್ಪುಗಟ್ಟಿದವು. ಅವಕ್ಕೆ ಬಿಸಿನೀರು ಹೊಯ್ಯುವವರು ಯಾರೂ ಇರಲಿಲ್ಲ. 2021ರ ಫೆಬ್ರವರಿಯಲ್ಲಿ ಓ.ಎನ್.ಜಿ.ಸಿ.ಯ ಶಕ್ತಿಕೇಂದ್ರ, ಲಡಾಖ್ ಆಡಳಿತ ಮತ್ತು ಲೇಹ್‌ನ ಪರ್ವತಾಭಿವೃದ್ಧಿ ಮಂಡಳಿ ಕೂಡಿ ಒಡಂಬಡಿಕೆಗೆ ಸಹಿ ಹಾಕಿದವು. ಮೊದಲ ಹಂತದಲ್ಲಿ ಒಂದು ಮೆಗಾವಾಟ್. 2022ರ ಆಗಸ್ಟಿನಲ್ಲಿ ಕೊರೆಯುತ್ತಿರುವಾಗ ಒಳಗಿನ ಬಿಸಿ ದ್ರವ ಒತ್ತಡದಿಂದ ಮೇಲಕ್ಕೆ ಚಿಮ್ಮಿ ತೊರೆಗೆ ಹರಿಯಿತು. ಸುತ್ತಲಿನವರು ದೂರಿದರು, ಕೆಲಸ ನಿಂತಿತು. ಯೋಜನೆಯನ್ನು ಕೈಬಿಡಲಿಲ್ಲ.

ನಾನು ಆ ತೊರೆಯಲ್ಲಿ ಒಂದು ಸಾಬೂನಿನ ನೊರೆ ಬಿಟ್ಟದ್ದು ಅದಾದ ಮರುವರ್ಷ. ಮುದುಕಿಯ ಪ್ರಶ್ನೆಯ ಹಿಂದೆ ಏನಿತ್ತೆಂದು ನನಗೆ ಬೆಂಗಳೂರಿಗೆ ಬಂದು ಹಳೆಯ ಪತ್ರಿಕೆ ತಿರುವಿದಾಗಲೇ ಹೊಳೆದದ್ದು.

ವಿದ್ಯುತ್ತೇ ಬೇಡವೆಂದು ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಅರ್ಧ ಗಂಟೆ ದೀಪ ಹೋದರೆ ವಿದ್ಯುತ್ ಕಚೇರಿಗೆ ಮೂರು ಸಲ ಫೋನು ಮಾಡುವ ನಾನು, ಛಾಂಗ್‌ಪಾ ಮಕ್ಕಳು ಕತ್ತಲಲ್ಲಿರಲಿ ಎನ್ನುವುದು ಅಧರ್ಮ. ಡೀಸೆಲ್ಲಿನ ಹೊಗೆಗಿಂತ ನೆಲದ ಕಾವು ಮೇಲು. ಆದರೆ ಒಂದು ಬುಗ್ಗೆಯ ಬಾಯಿಗೆ ಕೊಳವೆ ಇಟ್ಟರೆ ಪಕ್ಕದ ಬುಗ್ಗೆಗೆ ಏನಾಗುತ್ತದೆಂಬುದಕ್ಕೆ ಜಗತ್ತಿನಲ್ಲಿ ಪಾಠಗಳುಂಟು. ನ್ಯೂಜಿಲೆಂಡಿನ ವೈರಾಕೆಯಲ್ಲಿ 1958ರಲ್ಲಿ ಇಂಥ ವಿದ್ಯುದಾಗಾರ ಕೆಲಸ ಪ್ರಾರಂಭಿಸಿತು. ಕೆಲವೇ ವರ್ಷಗಳಲ್ಲಿ ಪಕ್ಕದ ಕಣಿವೆಯ ಹೆಸರಾಂತ ಬಿಸಿನೀರಿನ ಕಾರಂಜಿಗಳು ಸತ್ತವು. ಅದೇ ದೇಶದ ರೊಟೊರುವಾ ಪಟ್ಟಣದಲ್ಲಿ ಮನೆಮನೆಗೂ ಹೋಟೆಲಿಗೂ ಬಿಸಿನೀರಿನ ಕೊಳವೆಬಾವಿ ಕೊರೆದು ಬುಗ್ಗೆಗಳು ಬಡವಾದಾಗ, 1980ರ ದಶಕದ ಕೊನೆಯಲ್ಲಿ ಸರ್ಕಾರ ಮುಖ್ಯ ಕಾರಂಜಿಯ ಸುತ್ತಲಿನ ಒಂದೂವರೆ ಕಿಲೋಮೀಟರಿನೊಳಗಿನ ಬಾವಿಗಳನ್ನು ಮುಚ್ಚಿಸಿತು. ಬುಗ್ಗೆಗಳಿಗೆ ಸ್ವಲ್ಪಮಟ್ಟಿಗೆ ಮತ್ತೆ ಉಸಿರು ಬಂತು. ‘ವಿದೇಶದಲ್ಲಿದ್ದಿದ್ದರೆ’ ಎಂದು ನಿಟ್ಟುಸಿರು ಬಿಡುವವರು ಈ ವಿದೇಶದ ಕಥೆಯನ್ನೂ ತಿಳಿದಿದ್ದರೆ ಒಳ್ಳೆಯದು.

ಒಂದು ಮೆಗಾವಾಟ್ ಬರಲಿ. ಅದು ಮೊದಲು ಯಾರ ಮನೆಯನ್ನು ಬೆಳಗಬೇಕು? ಆ ವಸತಿಶಾಲೆಯ ಕೋಣೆಗಳನ್ನು ಜನವರಿಯಲ್ಲಿ ಬೆಚ್ಚಗಿಡುವುದಕ್ಕೆ ವಿದ್ಯುತ್ತೂ ಬೇಕಿಲ್ಲ. ಐವತ್ತು ವರ್ಷದ ಹಿಂದಿನ ಪ್ರಯೋಗದ ಗುಡಿಸಲಿನಂತೆ ಬಿಸಿನೀರಿನ ಕೊಳವೆ ಸಾಕು. ತೊರೆ ಕೆಟ್ಟರೆ ಮೇಕೆಗೆ ನೀರು ತಂದುಕೊಡುವ ಹೊಣೆ ಯಾರದು? ಕೊರೆಯುವ ಮುನ್ನ ಗೋಬಾನನ್ನು ಕೇಳಬೇಕೋ, ಕೊರೆದು ಉಕ್ಕಿದ ಮೇಲೆ ಸಮಾಧಾನ ಹೇಳಬೇಕೋ? ಇವು ಎಂಜಿನಿಯರರು ಉತ್ತರಿಸಲಾರದ ಪ್ರಶ್ನೆಗಳೆಂದಲ್ಲ. ‘ಅಲ್ಲಿ ಏನೂ ಇಲ್ಲ’ ಎಂದು ಮೊದಲೇ ಬರೆದುಕೊಂಡವರಿಗೆ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಇದು ಹಿಮಾಲಯದ ರೋಗ, ನಮಗೇನು ಎನ್ನುವವರು ಚಳ್ಳಕೆರೆಗೆ ಹೋಗಿಬರಲಿ. ಬಸ್ಸಿನ ದರ ಹೆಚ್ಚಿಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲಿನ ಹುಲ್ಲುನೆಲ ಅದು. ಕುರಿ ಮೇಯಿಸುವವರು, ಕಂಬಳಿ ನೇಯುವವರು ಅದನ್ನು ನಂಬಿದ್ದರು. 2010ರ ಆಸುಪಾಸಿನಲ್ಲಿ ಸುಮಾರು ಹತ್ತು ಸಾವಿರ ಎಕರೆ ದೊಡ್ಡ ದೊಡ್ಡ ಸಂಸ್ಥೆಗಳ ಪಾಲಿಗೆ ಹೋಯಿತು, ಗೋಡೆಗಳು ಎದ್ದವು, ಜನ ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ಆ ಸಂಸ್ಥೆಗಳು ಮಾಡುವ ಕೆಲಸ ದೇಶಕ್ಕೆ ಬೇಕಾದದ್ದೇ. ಆದರೆ ದೇಶಕ್ಕೆ ಬೇಕಾದದ್ದೆಲ್ಲ ಜಯನಗರದ ಉದ್ಯಾನದಲ್ಲಿ ಏಕೆ ಏಳುವುದಿಲ್ಲ? ಅಲ್ಲಿ ‘ಏನೋ ಇದೆ’. ಮರ, ಬೆಂಚು, ಮುಂಜಾನೆ ವಾಯುಸೇವನೆಗೆ ಬರುವ ನಿವೃತ್ತರು ಇದ್ದಾರೆ. ಕುರಿಯ ಹಿಂದೆ ನಡೆಯುವವನು ಬೆಂಚಿನ ಮೇಲೆ ಕೂರುವುದಿಲ್ಲವಾದ್ದರಿಂದ ಅವನು ಇರುವ ಜಾಗದಲ್ಲಿ ಏನೂ ಇರುವುದಿಲ್ಲ. ಗೋಮಾಳ, ಕಾವಲು, ಹುಲ್ಲುಬನಿ ಎಂದು ಕನ್ನಡದಲ್ಲಿ ಇಂಥ ನೆಲಕ್ಕೆ ಎಷ್ಟು ಚೆಂದದ ಹೆಸರುಗಳಿದ್ದವು! ಕಂದಾಯದ ಕಾಗದಕ್ಕೆ ಏರಿದ ಮೇಲೆ ಉಳಿದ ಹೆಸರು ಒಂದೇ: ಖರಾಬು.

ಇದಕ್ಕೆ ವಿರುದ್ಧವಾದ ಇನ್ನೊಂದು ಪಂಥವೂ ಇದೆ. ಅವರು ಅತಿ ಸಾತ್ವಿಕರು. ‘ಪುಗಾದಂಥ ಜಾಗಕ್ಕೆ ಯಾರೂ ಕಾಲಿಡಬಾರದು, ಬೇಲಿ ಹಾಕಿ ದೇವರ ಕೋಣೆಯ ಹಾಗೆ ಇಟ್ಟುಬಿಡಬೇಕು’ ಎನ್ನುತ್ತಾರೆ. ಮೇಕೆಗಳು ಹುಲ್ಲು ತಿಂದು ಕೊಕ್ಕರೆಗೆ ತೊಂದರೆಯೆಂದು ಛಾಂಗ್‌ಪಾಗಳನ್ನೇ ಹೊರಗಿಡಲು ಹೊರಡುವವರೂ ಇವರೇ. ನನಗೆ ಈ ಸಾತ್ವಿಕರ ಭಯ ಮೊದಲಿನವರಿಗಿಂತ ಹೆಚ್ಚು. ಶತಮಾನಗಳಿಂದ ಮೇಕೆಯೂ ಕೊಕ್ಕರೆಯೂ ಒಂದೇ ಜೌಗಿನಲ್ಲಿ ಬಾಳಿಲ್ಲವೇ? ಇವರ ಲೆಕ್ಕದಲ್ಲಿಯೂ ಆ ಕಣಿವೆಯಲ್ಲಿ ಮನುಷ್ಯರಿಲ್ಲ; ‘ಏನೂ ಇಲ್ಲ’ ಎಂಬುದನ್ನು ಇವರು ಸ್ವಲ್ಪ ಭಕ್ತಿಯಿಂದ ಹೇಳುತ್ತಾರೆ, ಅಷ್ಟೆ.

ಹೋಗಬೇಕಾದವರು ಹೋಗಲಿ. ಹೋಗುವುದು ತಪ್ಪಲ್ಲ. ಆದರೆ ಹೋಗುವವರ ಸಂಖ್ಯೆ ಗೊತ್ತಿರಲಿ: 2011ರ ಜನಗಣತಿಯಂತೆ ಲಡಾಖಿನ ಒಟ್ಟು ಜನ 2,74,289. 2022ನೆಯ ಒಂದೇ ವರ್ಷದಲ್ಲಿ ಅಲ್ಲಿಗೆ ಹೋದ ಪ್ರವಾಸಿಗಳು ಐದು ಲಕ್ಷಕ್ಕೂ ಹೆಚ್ಚು. ಮನೆಯವರಿಗಿಂತ ನೆಂಟರು ಎರಡರಷ್ಟು ಬಂದರೆ ಬಚ್ಚಲಿನ ಗತಿ ಏನಾಗುತ್ತದೆಂಬುದನ್ನು ಮದುವೆಯ ಮನೆ ನಡೆಸಿದ ಯಾರನ್ನಾದರೂ ಕೇಳಿ. ಪುಗಾಕ್ಕೆ ಬರುವವರು ಇವರಲ್ಲಿ ಕೆಲವರೇ. ಆದರೆ ಆ ನೆಲ ಎಂಥದು? ಜೌಗಿನ ಮೇಲೆ ಜೀಪಿನ ಚಕ್ರ ಒಂದು ಸಲ ಹಾದರೆ ಆ ಗಾಯಕ್ಕೆ ಮಾಯಲು ಎಷ್ಟೋ ಬೇಸಿಗೆಗಳು ಬೇಕು. ಹುಲ್ಲು ಬೆಳೆಯಲು ಅಲ್ಲಿ ವರ್ಷಕ್ಕೆ ಸಿಗುವುದೇ ಮೂರು ನಾಲ್ಕು ತಿಂಗಳು. ನಾನು ಹೋದಾಗ ಹುಲ್ಲಿನ ಮೇಲೆ ಚಕ್ರದ ಗುರುತುಗಳು ಜಡೆಯಂತೆ ಹೆಣೆದುಕೊಂಡಿದ್ದವು. ಬುಗ್ಗೆಯ ಬಾಯಿಯ ಸುತ್ತ ಮೊಟ್ಟೆಯ ಸಿಪ್ಪೆ, ಪುಳಿಯೋಗರೆ ಪುಡಿಯ ಖಾಲಿ ಪೊಟ್ಟಣ ಒಂದು. (ಅದರ ಮೇಲಿನ ಅಕ್ಷರ ಕನ್ನಡ! ಎತ್ತಿ ಜೇಬಿಗೆ ಹಾಕಿಕೊಂಡೆ. ನಾಡಿನ ಮಾನದ ಪ್ರಶ್ನೆ.) ದಾರಿಯ ಬದಿಯಲ್ಲಿ ಮಾರ್ಮೊಟ್ ಎಂಬ ದಪ್ಪ ಅಳಿಲಿನಂಥ ಪ್ರಾಣಿಗೆ ಬಿಸ್ಕತ್ತು ತಿನ್ನಿಸಿ ಚಿತ್ರ ತೆಗೆದುಕೊಳ್ಳುತ್ತಿದ್ದ ಮೋಟಾರುಸೈಕಲ್ ತಂಡವೊಂದನ್ನೂ ಕಂಡೆ. ಚಳಿಗಾಲವಿಡೀ ನಿದ್ದೆ ಮಾಡಿ ಬದುಕುವ ಪ್ರಾಣಿಗೆ ನಮ್ಮ ಕ್ರೀಮ್ ಬಿಸ್ಕತ್ತು ಪಥ್ಯವೇ?

ಬಿಸಿನೀರಿನ ಬಾಯಿಗೆ ಕಲ್ಲು ಹಾಕುವ ಚಪಲವೊಂದಿದೆ. ಮಕ್ಕಳಿಗಿಂತ ಅಪ್ಪಂದಿರಿಗೆ ಹೆಚ್ಚು. ಅಮೆರಿಕದ ಯೆಲೋಸ್ಟೋನ್ ಉದ್ಯಾನದಲ್ಲಿ ಕಡುನೀಲಿಗೆ ಹೆಸರಾಗಿದ್ದ ಒಂದು ಕೊಳ, ಪ್ರವಾಸಿಗಳು ವರ್ಷಗಟ್ಟಲೆ ಎಸೆದ ನಾಣ್ಯ, ಕಸಗಳಿಂದ ಬಾಯಿ ಕಟ್ಟಿ, ಕಾವು ಇಳಿದು, ಹಳದಿ ಹಸಿರಾಗಿ ಹೋಗಿದೆ. ಐಸ್‌ಲೆಂಡಿನಲ್ಲಿ ಜಗತ್ತಿನ ಬಿಸಿ ಕಾರಂಜಿಗಳಿಗೆಲ್ಲ ಆಂಗ್ಲದಲ್ಲಿ ಹೆಸರು ಕೊಟ್ಟ ‘ಗೇಸಿರ್’ ಎಂಬುದೊಂದಿದೆ. ಅದು ಚಿಮ್ಮಲಿ ಎಂದು ಅಲ್ಲಿಯವರು ಅದಕ್ಕೆ ಸಾಬೂನು ತಿನ್ನಿಸುತ್ತಿದ್ದರಂತೆ, ಅತಿಥಿಗಳ ಸಂತೋಷಕ್ಕಾಗಿ. ಕೊನೆಗೆ ಅವರೇ ನಾಚಿ ನಿಲ್ಲಿಸಿದರು. ಹಾಗಾಗಿ ಬುಗ್ಗೆಗೆ ಸಾಬೂನು ಹಾಕಿದವರಲ್ಲಿ ನಾನೇ ಮೊದಲಿಗನಲ್ಲ. ಇದು ಸಮಾಧಾನಕ್ಕೆ ಹೇಳಿಕೊಂಡದ್ದಲ್ಲ.

‘ಅಲ್ಲಿ ಸ್ನಾನದ ಕಟ್ಟೆ ಕಟ್ಟಲಿ, ಬಟ್ಟೆ ಬದಲಿಸುವ ಕೋಣೆ ಮಾಡಲಿ, ಆಗ ಯಾರೂ ತೊರೆಗೆ ಇಳಿಯುವುದಿಲ್ಲ’ ಎಂದು ವಾದಿಸುವವರಿಗೆ: ಚುಮಾಥಂಗಿನಲ್ಲಿ ಬಿಸಿನೀರಿನ ಸ್ನಾನಕ್ಕೆ ಏರ್ಪಾಡಿದೆ, ಅದು ಪುಗಾದ ದಾರಿಯಲ್ಲೇ ಇದೆ. ನುಬ್ರಾ ಕಣಿವೆಯ ಪನಾಮಿಕ್‌ನಲ್ಲಿಯೂ ಇದೆ. ಕೀಲುನೋವಿನ ಲಡಾಖಿಗಳು ಹಿಂದಿನಿಂದಲೂ ಆ ನೀರಿಗೆ ಹೋಗುತ್ತಾರೆ. ಬುಗ್ಗೆಯ ಸ್ನಾನ ಬೇಕೆಂಬುವರು ಅಲ್ಲಿ ಮುಗಿಸಿಕೊಳ್ಳಬಹುದು. ಅಷ್ಟು ದೂರವೂ ಆಗದವರಿಗೆ ಪುತ್ತೂರಿನ ಬಳಿ ಇರ್ದೆಯಲ್ಲಿ ನಮ್ಮದೇ ಬೆಂದ್ರ್ ತೀರ್ಥವಿದೆ. ಹೆಸರಿನಲ್ಲಾದರೂ ಬಿಸಿ ಉಳಿದಿದೆ. ಪ್ರತಿಯೊಂದು ಬುಗ್ಗೆಯೂ ನಮ್ಮ ಬಚ್ಚಲಾಗಬೇಕೆಂಬ ನಿಯಮವನ್ನು ಯಾವ ಸ್ಮೃತಿಕಾರ ಬರೆದಿಟ್ಟಿದ್ದಾನೋ ನಾನರಿಯೆ.

ಚಿತ್ರಪ್ರದರ್ಶನ ಮುಗಿದು ವಾರದ ಮೇಲೆ ಅದೇ ಮಹನೀಯರು ನಮ್ಮ ಮನೆಗೆ ಫೋನು ಮಾಡಿದರು. ಬರುವ ಬೇಸಿಗೆಗೆ ಅವರ ಷಡ್ಡಕರ ಕುಟುಂಬ ಲಡಾಖಿಗೆ ಹೊರಟಿದೆಯಂತೆ. ನಮ್ಮ ಜೀಪಿನ ಹುಡುಗ ಒಳ್ಳೆಯವನೆಂದು ಕೇಳಿದ್ದರಂತೆ. ಅವನ ನಂಬರು ಬೇಕಾಗಿತ್ತು. ಕೊಟ್ಟೆ. “ಪುಗಾಕ್ಕೂ ಹೋಗುತ್ತಾರೇನು?” ಎಂದು ಕೇಳಿದೆ. “ಅಯ್ಯೋ, ಅಲ್ಲಿ ಏನಿದೆ ಸಾರ್? ಆದರೂ ಮಕ್ಕಳು ಬಿಸಿನೀರಲ್ಲಿ ಆಡಬೇಕು ಅಂತಾರೆ” ಎಂದರು. ಹೋಗಲಿ, ಆದರೆ ಸಾಬೂನು, ಶಾಂಪೂಗಳನ್ನು ಲೇಹ್‌ನ ಹೋಟೆಲಿನಲ್ಲೇ ಬಿಟ್ಟುಹೋಗಲಿ, ಜೀಪನ್ನು ದಾರಿಯಿಂದ ಕೆಳಗಿಳಿಸದಿರಲಿ, ಶಾಲೆಯ ಮಕ್ಕಳಿಗೆ ಕೊಡುವುದಿದ್ದರೆ ಚಾಕಲೇಟು ಬೇಡ, ಮೇಷ್ಟರ ಕೈಗೆ ಬರೆಯುವ ಪುಸ್ತಕ ಕೊಡಲಿ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಬೂನಿಲ್ಲದೆ ಸ್ನಾನ ಹೇಗೆ ಸಾರ್?” ಎಂದರು. ಹೋಟೆಲಿನ ಬಚ್ಚಲಲ್ಲಿ, ಒಂದು ಬಕೆಟ್ ನೀರಲ್ಲಿ ಎಂದೆ. ಆಮೇಲೆ ಅವರ ಫೋನು ಬಂದಿಲ್ಲ.